ಮ್ಯೂನಿಕ್‌ನಲ್ಲಿ ಅಷ್ಟಮಿಯ ಮೂಡೆ

ಉಡುಪಿಯವರ ಕೃಷ್ಣಾಷ್ಟಮಿ ಕೆಲವು ವರ್ಷ ಎಲ್ಲರ ಜೊತೆ ಬರುವುದಿಲ್ಲ. ನಮ್ಮದು ಸೌರಮಾನ, ಸಿಂಹ ಮಾಸದಲ್ಲಿ ಬರುವ ಅಷ್ಟಮಿಯೇ ಲೆಕ್ಕ. 2025ರಲ್ಲಿ ಬೇರೆಯವರೆಲ್ಲ ಆಗಸ್ಟ್ 16ಕ್ಕೆ ಹಬ್ಬ ಮುಗಿಸಿದ್ದರು, ಉಡುಪಿ ಕೃಷ್ಣ ಮಠದಲ್ಲಿ ಸೆಪ್ಟೆಂಬರ್ 14. ಅದೂ ಭಾನುವಾರ ಬಿತ್ತು, ರಜೆ ಕೇಳುವ ತಾಪತ್ರಯ ಇಲ್ಲ. ಆದರೆ ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆಗೆಯುವುದಿಲ್ಲವಲ್ಲ, ಹಾಗಾಗಿ ತೆಂಗಿನತುರಿ, ಉದ್ದು, ಬೆಲ್ಲ ಎಲ್ಲ ಶನಿವಾರವೇ ಹೊತ್ತು ತಂದದ್ದಾಯ್ತು.

ಚಕ್ಕುಲಿ, ಎಳ್ಳುಂಡೆ ಯಾವ ಊರಲ್ಲಾದರೂ ಆಗುತ್ತದೆ. ಪೇಚಾಟ ಇರುವುದು ಮೂಡೆಯದ್ದು, ಅಂದರೆ ಕೇದಗೆ ಜಾತಿಯ ಮುಂಡೇವಿನ ಎಲೆಯ ಕೊಳವೆಯಲ್ಲಿ ಬೇಯಿಸುವ ಉದ್ದನೆಯ ಇಡ್ಲಿಯದ್ದು. ಊರಲ್ಲಾದರೆ ರಥಬೀದಿಯಲ್ಲಿ ಕಟ್ಟಿಟ್ಟದ್ದೇ ಸಿಗುತ್ತದೆ, ಮುಂಡೇವಿನ ಮುಳ್ಳು ತೆಗೆದು, ಎಲೆ ಬಾಡಿಸಿ, ಸುರುಳಿ ಸುತ್ತಿ ಕಡ್ಡಿ ಚುಚ್ಚುವ ಕೆಲಸವೆಲ್ಲ ಯಾರೋ ಪುಣ್ಯಾತ್ಮರು ಮಾಡಿರುತ್ತಾರೆ, ನಾವು ಹಿಟ್ಟು ಹೊಯ್ದರಾಯ್ತು. ಇಲ್ಲಿ ಮುಂಡೇವು ಎಲ್ಲಿಂದ ತರುವುದು?

ಥಾಯ್ ಅಂಗಡಿಯಲ್ಲಿ ಪಂಡನ್ ಎಲೆ ಸಿಗುತ್ತದೆ. ಮುಂಡೇವಿನದ್ದೇ ಕುಲ, ಹಾಗಾಗಿ ಒಂದು ಸಲ ಆಸೆಯಿಂದ ತಂದೆವು. ಎಲೆ ಸಪೂರ, ಸುತ್ತಿದರೆ ಸಂದಿಯಲ್ಲೆಲ್ಲ ಹಿಟ್ಟು ಸೋರುತ್ತದೆ. ಅದೂ ಹೋಗಲಿ, ಬಾಸ್ಮತಿ ಅಕ್ಕಿಗೆ ಯಾವುದರಿಂದ ಪರಿಮಳ ಬರುತ್ತದೋ ಅದೇ ಈ ಎಲೆಯಲ್ಲೂ ಇದೆಯಂತೆ. ಮೂಡೆ ಬಾಯಿಗಿಟ್ಟರೆ ಪುಲಾವಿನ ವಾಸನೆ! ಪಾಯಸಕ್ಕೆ ಹಾಕಿ ಬೇಕಾದರೆ, ಮೂಡೆಗೆ ಬೇಡ.

ಈಗ ನಮ್ಮಲ್ಲಿ ನಡೆಯುವುದು ಸ್ಟೀಲ್ ಲೋಟ ಮತ್ತು ಫ್ರೀಜರಿನ ಬಾಳೆಲೆ. ಎಲೆ ಐಸಿನಿಂದ ತೆಗೆದ ಕೂಡಲೇ ಬಿಡಿಸಲು ಹೋದರೆ ಗೆರೆಗೆರೆಯಾಗಿ ಸೀಳುತ್ತದೆ, ಸುಮ್ನೆ ಒಂದರ್ಧ ಗಂಟೆ ಬಿಡಬೇಕು. ಬಾಡಿಸಲು ಬೆಂಕಿ ಇಲ್ಲ, ನಮ್ಮದು ಗಾಜಿನ ಕರೆಂಟ್ ಒಲೆ. ಬಿಸಿಯಾದ ಗಾಜಿನ ಮೇಲೆಯೇ ಎಲೆಯನ್ನು ಮೆಲ್ಲಗೆ ಎಳೆಯುತ್ತಾ ಹೋದರೆ ಮಾಸಲು ಹಸಿರು ಒಮ್ಮೆಗೇ ಮಿರಮಿರ ಹೊಳೆಯುತ್ತದೆ, ಆಗ ಹೇಗೆ ಮಡಚಿದರೂ ಹರಿಯುವುದಿಲ್ಲ. ಅದನ್ನು ಲೋಟದೊಳಗೆ ಸುತ್ತಿ ಕೂರಿಸಿ, ಮುಕ್ಕಾಲು ಮಟ್ಟ ಹಿಟ್ಟು ಹೊಯ್ಯುವುದು. ಮುಂಡೇವಿನ ಘಮ ಬರುವುದಿಲ್ಲ, ಸುಳ್ಳು ಹೇಳಬಾರದು. ಉದ್ದನೆಯ ಮೂಡೆ ಎಲೆ ಬಿಡಿಸಿಕೊಂಡು ಬಟ್ಟಲಿಗೆ ಬೀಳುತ್ತದೆ, ಅಷ್ಟು ಸಾಕು.

ಎಲೆಗಿಂತ ಹಿಟ್ಟಿನ ಚಿಂತೆ ದೊಡ್ಡದು. ಒಂದು ಉದ್ದಿಗೆ ಎರಡು ಅಕ್ಕಿತರಿ, ಅಳತೆ ಅಮ್ಮನದ್ದೇ. ಆದರೆ ಸೆಪ್ಟೆಂಬರಿನ ಚಳಿಗೆ ಹಿಟ್ಟು ಏಳಬೇಕಲ್ಲ. ಓವನ್ನಿನೊಳಗೆ ಬಲ್ಬ್ ಉರಿಸಿ ಇಡಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ, ಆದರೆ ಹೊಸ ಓವನ್‌ಗಳಲ್ಲಿ ಎಲ್ಇಡಿ ಇದ್ದರೆ ಅದು ಬೆಚ್ಚಗೇ ಆಗುವುದಿಲ್ಲ. ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರು ಇಟ್ಟು ಬಾಗಿಲು ಮುಚ್ಚುವುದೇ ವಾಸಿ.

ಹುಳಿಗೆ ನಮ್ಮೂರಿನ ಬದನೆ ಮಟ್ಟು ಗುಳ್ಳ ಇಲ್ಲ. ಥಾಯ್ ಅಂಗಡಿಯ ದುಂಡು ಹಸಿರು ಬದನೆ ನೋಡಲಿಕ್ಕೆ ಗುಳ್ಳದ ತಮ್ಮನ ಹಾಗೆ, ತಿಂದರೆ ಬರೀ ಬೀಜ. ಅದಕ್ಕಿಂತ ಅಲಸಂಡೆ ಗಸಿ ಮೇಲು.

ಸಂಜೆ ಊರಿನವರು ನಾಲ್ಕೈದು ಮನೆಯವರು ಸೇರಿದೆವು. ನಡುರಾತ್ರಿ ಕೃಷ್ಣನಿಗೂ ಚಂದ್ರನಿಗೂ ಬಿಡುವ ಅರ್ಘ್ಯ ಇಲ್ಲಿ ಯಾವಾಗ ಅಂತ ವಾದ ಶುರುವಾಯ್ತು. ಉಡುಪಿಯಲ್ಲಿ ನಡುರಾತ್ರಿ ಅಂದರೆ ನಮಗೆ ರಾತ್ರಿ ಎಂಟೂವರೆ, ಊರಿನ ಲೆಕ್ಕವೇ ಸಾಕು ಅಂತ ಹಸಿದವರು. ಇಲ್ಲಿ ಚಂದ್ರ ಹುಟ್ಟದೆ ಅರ್ಘ್ಯ ಎಂತದ್ದು ಅಂತ ಮಂಗಳೂರಿನ ಮಾಮ. ದೊಡ್ಡವರಿಗೆ ಮರುದಿನ ಕೆಲಸ, ಹಾಗಾಗಿ ಹಸಿದವರೇ ಗೆದ್ದರು, ಮಾಮ ಮಾತ್ರ ಬಾಲ್ಕನಿ ಬಿಟ್ಟು ಅಲ್ಲಾಡಲಿಲ್ಲ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಲೋಟದ ಮೂಡೆ ತೋರಿಸಿದೆ. "ಎಲೆ ಇರಲಿ ಮಾರಾಯ್ತಿ, ಮುರಿದು ತೋರಿಸು, ಒಳಗೆ ಬೆಂದಿದೆಯಾ?" ಅಂದರು. ಬೆಂದಿತ್ತು. ಅಷ್ಟಮಿಯ ಮರುದಿನದ ಮೊಸರುಕುಡಿಕೆ ಉತ್ಸವ ವಿಟ್ಲಪಿಂಡಿ ಸೋಮವಾರ, ಆಫೀಸು ಇದ್ದೇ ಇದೆ. ಉಳಿದ ಮೂಡೆಯನ್ನು ಹೋಳು ಮಾಡಿ, ತೆಂಗಿನೆಣ್ಣೆಯಲ್ಲಿ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಎಲ್ಲರ ಡಬ್ಬಿಗೂ ಹಂಚಿದೆವು.