ಮೆಟ್ಟಿಲ ಕಟಕಟೆಯ ಕಚ್ಚು

ಇವತ್ತು ಆಲ್ಬನಿಯಲ್ಲಿರುವ ಸ್ಕೈಲರ್ ಮನೆ ನೋಡಿ ಬಂದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಜನರಲ್ ಫಿಲಿಪ್ ಸ್ಕೈಲರ್ 1760ರ ದಶಕದಲ್ಲಿ ಕಟ್ಟಿಸಿದ ಇಟ್ಟಿಗೆ ಮನೆ. ಮೆಟ್ಟಿಲ ಕಟಕಟೆಯಲ್ಲಿ ಒಂದು ಕಚ್ಚು ಇದೆ. 1781ರಲ್ಲಿ ಜನರಲ್‌ನನ್ನು ಹೊತ್ತೊಯ್ಯಲು ಬಂದವರು, ತಂಗಿ ಕೂಸನ್ನು ಎತ್ತಿಕೊಂಡು ಓಡುತ್ತಿದ್ದ ಮಗಳು ಪೆಗ್ಗಿಯ ಕಡೆ ಬೀಸಿದ ಕೊಡಲಿಯ ಗುರುತಂತೆ. ನಿಜವೋ ಕಥೆಯೋ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ನಾನೂ ನಿಂತೆ.

ತಲೆಯಲ್ಲಿ ಉಳಿದದ್ದು ಮಾತ್ರ ಬೇರೆ. 1777ರಲ್ಲಿ ಬ್ರಿಟಿಷ್ ಜನರಲ್ ಬರ್ಗಾಯ್ನ್, ಸರಟೋಗಾದಲ್ಲಿದ್ದ ಸ್ಕೈಲರ್‌ನ ಇನ್ನೊಂದು ಮನೆಯನ್ನು ಸುಡಿಸಿದ. ಕೆಲವೇ ದಿನಕ್ಕೆ ಸೋತು ಶರಣಾದ. ಸೆರೆ ಸಿಕ್ಕವನನ್ನು ಇಳಿಸಿದ್ದು ಎಲ್ಲಿ? ಇದೇ ಮನೆಯಲ್ಲಿ, ಬೀಗರ ಹಾಗೆ! ಮನೆ ಸುಟ್ಟವನಿಗೇ ಊಟ. ದೊಡ್ಡ ಮನಸ್ಸು, ಅಲ್ವಾ?

ಆದರೆ ಈ ಮನೆಯ ಚಾಕರಿ ಮಾಡುತ್ತಿದ್ದವರು ಸ್ಕೈಲರ್ ಗುಲಾಮರಾಗಿ ಇಟ್ಟುಕೊಂಡಿದ್ದ ಕಪ್ಪು ಜನ. ಬಂದವನು ಯಾರೇ ಆಗಲಿ, ಅವರಿಗೆ ಕೆಲಸ ಜಾಸ್ತಿ ಅಷ್ಟೇ. ಈ ಕಾರಣಕ್ಕೇ 2023ರಲ್ಲಿ ಸಿಟಿ ಹಾಲ್ ಮುಂದಿದ್ದ ಸ್ಕೈಲರ್‌ನ ಪ್ರತಿಮೆಯನ್ನು ತೆಗೆದರು.

ಬಸ್ಸಿನಲ್ಲಿ ಕೂತು ಸುಮ್ನೆ ಫೋನ್ ತೆಗೆದೆ. ನಾಲ್ಕು ಫೋಟೊ. ನಾಲ್ಕರಲ್ಲೂ ಆ ಕಚ್ಚೇ.