ತಪ್ಪು ಸಿನಿಮಾದ್ದೋ, ಟಾಕೀಸಿನದ್ದೋ?

ಶುಕ್ರವಾರ ಬೆಳಗಿನ ಹತ್ತೂಕಾಲರ ಆಟ. ಜಾಹೀರಾತುಗಳ ಸರದಿ ಮುಗಿದು ಪರದೆ ಮೇಲೆ ಸೆನ್ಸಾರ್ ಸರ್ಟಿಫಿಕೇಟು ಬರುತ್ತದೆ. ಅದು ನಿಲ್ಲುವ ಹತ್ತು ಸೆಕೆಂಡಿನಲ್ಲಿ ಬಹಳಷ್ಟು ಜನ ಇನ್ನೂ ಸೀಟು ಹುಡುಕುತ್ತಿರುತ್ತಾರೆ. ವಿಮರ್ಶೆ ಬರೆಯುವವರ ಕೆಲಸ ಶುರುವಾಗುವುದು ಅಲ್ಲಿಂದ. ಚಿತ್ರ ಎಷ್ಟು ನಿಮಿಷದ್ದು ಎಂಬುದು ಆ ಹಾಳೆಯಲ್ಲೇ ಇದೆ. ನೂರೈವತ್ತು ನಿಮಿಷದ ಚಿತ್ರವಾದರೆ ಎಪ್ಪತ್ತೈದರಿಂದ ಎಂಬತ್ತರೊಳಗೆ ಇಂಟರ್ವಲ್ ಬೀಳಬೇಕು. ತೊಂಬತ್ತೈದಕ್ಕೆ ಬಿದ್ದರೆ ಕತೆ ಕಟ್ಟುವುದರಲ್ಲೇ ಸಮಯ ಕಳೆದಿದ್ದಾರೆ, ಸೆಕೆಂಡ್ ಹಾಫ್ ಓಡೋಡಿ ಮುಗಿಯುತ್ತದೆ ಎಂದು ಅರ್ಧ ಊಹಿಸಬಹುದು. ಊಹೆ ಸುಳ್ಳಾದರೆ ಸಂತೋಷ.

ಅದೇ ಹಾಳೆಯಿಂದ ಇನ್ನೊಂದು ಉಪಯೋಗವಿದೆ. ಬಿಳಿ ಬಿಳಿಯಾಗಿಯೇ ಕಾಣುತ್ತಿದೆಯೋ, ಹಳೇ ಪಂಚೆಯ ಬಣ್ಣಕ್ಕೆ ತಿರುಗಿದೆಯೋ ನೋಡಿಕೊಳ್ಳಬೇಕು. 2ಡಿ ಚಿತ್ರಕ್ಕೆ ಪರದೆಯ ನಡುವೆ 14 ಫುಟ್‌ಲ್ಯಾಂಬರ್ಟ್ (ಪರದೆಯಿಂದ ಕಣ್ಣಿಗೆ ಬರುವ ಹೊಳಪಿನ ಅಳತೆ) ಇರಬೇಕೆಂಬುದು ಜಗತ್ತಿನಾದ್ಯಂತ ಇರುವ ಲೆಕ್ಕ. ಪ್ರೊಜೆಕ್ಟರಿನ ಲ್ಯಾಂಪು ಹಳತಾದಂತೆ ಬೆಳಕು ಇಳಿಯುತ್ತದೆ, ಬದಲಾಯಿಸುವುದು ದುಬಾರಿ, ಹಾಗಾಗಿ ಮುಂದೂಡುತ್ತಾರೆ. ಹಿಂದಿನ ವಾರ 3ಡಿ ಚಿತ್ರ ಓಡಿಸಿದ ಪರದೆಯಾದರೆ ಅದರ ಫಿಲ್ಟರು ತೆಗೆಯಲು ಮರೆತಿರುವ ಸಾಧ್ಯತೆಯೂ ಇದೆ. 3ಡಿಗೆಂದು ಹಾಕಿದ ಬೆಳ್ಳಿ ಲೇಪದ ಪರದೆಯಲ್ಲಿ ನಡುವೆ ಹೊಳಪು, ಅಂಚಿನಲ್ಲಿ ಮಬ್ಬು. ಇಷ್ಟನ್ನು ಗಮನಿಸದೆ ಮನೆಗೆ ಬಂದು ‘ಛಾಯಾಗ್ರಹಣ ಮಂಕಾಗಿದೆ’ ಎಂದು ಬರೆದರೆ, ಲ್ಯಾಂಪಿನ ಪಾಪ ಕ್ಯಾಮೆರಾಮನ್ ತಲೆಗೆ ಬಿತ್ತು. ಪರೀಕ್ಷೆ ಸುಲಭ: ಟ್ರೇಲರುಗಳೂ ಅಷ್ಟೇ ಮಂಕಾಗಿದ್ದವೇ? ಹೌದಾದರೆ ತಪ್ಪು ಟಾಕೀಸಿನದ್ದು.

‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಎರಡು ಭಾಗಗಳಲ್ಲಿ ಈ ವಿಚಾರ ನಿಚ್ಚಳವಾಗಿ ಕಂಡಿತು. 2023ರ ಸೆಪ್ಟೆಂಬರಿನಲ್ಲಿ ಬಂದ ಸೈಡ್ ಎ ನೀಲಿಯಲ್ಲಿ ಅದ್ದಿದ್ದು, ನವೆಂಬರಿನಲ್ಲಿ ಬಂದ ಸೈಡ್ ಬಿ ಕೆಂಪಿನಲ್ಲಿ. ನಿರ್ದೇಶಕ ಹೇಮಂತ್ ಎಂ. ರಾವ್ ಮತ್ತು ಛಾಯಾಗ್ರಾಹಕ ಅದ್ವೈತ ಗುರುಮೂರ್ತಿ ಬಣ್ಣದಲ್ಲೇ ಅರ್ಧ ಕತೆ ಹೇಳುತ್ತಾರೆ. ಬೆಳಕು ಕಡಿಮೆ ಇರುವ ಪರದೆಯಲ್ಲಿ ನೀಲಿ ಹೇಗೋ ಬದುಕುತ್ತದೆ, ಕತ್ತಲೆಯೊಳಗಿನ ಕೆಂಪು ಮಾತ್ರ ಕಂದಾಗಿ, ನಾಯಕ ಮನುವಿನ ಮುಖದ ಅರ್ಧ ಭಾಗವೇ ಕಾಣದೆ ಹೋಗುತ್ತದೆ. ಸೈಡ್ ಬಿ ನನಗೆ ಎ ಯಷ್ಟು ಹಿಡಿಸಲಿಲ್ಲ. ನಾಯಕಿ ಪ್ರಿಯಾ ದೂರವಾದ ಮೇಲೆ ಕತೆಗೆ ಎದುರು ದಡವೇ ಇಲ್ಲದಂತಾಯಿತು. ಇದು ಬರವಣಿಗೆಯ ಮೇಲಿನ ದೂರು, ಬಣ್ಣದ ಮೇಲಿನದ್ದಲ್ಲ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ದೂರಿನ ತೂಕ ಹೋಗುತ್ತದೆ.

ಕೂರುವ ಜಾಗವೂ ಅಭಿಪ್ರಾಯವನ್ನು ಬದಲಾಯಿಸುತ್ತದೆ. ಪರದೆಯಿಂದ ಹಿಂದಿನ ಗೋಡೆವರೆಗಿನ ದೂರದಲ್ಲಿ ಮೂರನೇ ಎರಡು ಭಾಗ ಹಿಂದೆ, ಸಾಲಿನ ನಟ್ಟನಡುವೆ ಕೂತರೆ ಒಳ್ಳೆಯದು. ಸೌಂಡ್ ಮಿಕ್ಸಿಂಗ್ ಮಾಡುವವರ, ಅಂದರೆ ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವವರ ಮೇಜೂ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತದೆ. ದೊಡ್ಡ ಸಿಂಗಲ್ ಸ್ಕ್ರೀನಿನ ಬಾಲ್ಕನಿಯ ಕೊನೆಯ ಸಾಲು ಪರದೆಯಿಂದ ಮೂವತ್ತು ಮೀಟರು ದೂರವಿದೆ ಎಂದುಕೊಳ್ಳಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಚಿತ್ರ ಸೆಕೆಂಡಿಗೆ 24 ಫ್ರೇಮು. ಲೆಕ್ಕ ಹಾಕಿದರೆ ಅಲ್ಲಿ ಕೂತವರಿಗೆ ಮಾತು ಎರಡು ಫ್ರೇಮು ತಡವಾಗಿ ತಲುಪುತ್ತದೆ. ‘ತುಟಿಗೂ ಮಾತಿಗೂ ಹೊಂದಿಕೆಯಿಲ್ಲ’ ಎಂಬ ಟೀಕೆ ಬರೆಯುವ ಮೊದಲು ಎಲ್ಲಿ ಕೂತಿದ್ದೆವು ಎಂದು ನೆನಪಿಸಿಕೊಳ್ಳಬೇಕು. ಎಲ್ಲರ ತುಟಿಯೂ ತಪ್ಪಿ, ಬಾಗಿಲು ಮುಚ್ಚಿಕೊಂಡ ಮೇಲೆ ಅದರ ಸದ್ದು ಬಂದರೆ ಅದು ಯಂತ್ರದ ಹೊಂದಾಣಿಕೆಯ ದೋಷ. ಒಬ್ಬ ನಾಯಕಿಯ ತುಟಿ ಮಾತ್ರ ತಪ್ಪಿದರೆ ಡಬ್ಬಿಂಗಿನದ್ದು. ಆಕೆ ಸೆಟ್ಟಿನಲ್ಲಿ ಬೇರೆ ಭಾಷೆಯಲ್ಲಿ ಮಾತಾಡಿರುತ್ತಾಳೆ, ಕನ್ನಡದ ಧ್ವನಿ ಇನ್ನೊಬ್ಬರದು.

ಹೆಚ್ಚು ಅನ್ಯಾಯವಾಗುವುದು ಧ್ವನಿ ವಿಭಾಗಕ್ಕೆ. ಟಾಕೀಸಿನ ಸದ್ದನ್ನು ನಿಯಂತ್ರಿಸುವ ಡಾಲ್ಬಿ ಪ್ರೊಸೆಸರಿನ ವಾಲ್ಯೂಮಿನಲ್ಲಿ 7 ಎಂಬ ಗುರುತು ಇದೆ. ಮಿಕ್ಸ್ ಮಾಡಿದವರು ಕೇಳಿದ ಮಟ್ಟ ಅದು. ಜಾಹೀರಾತುಗಳು ಅಬ್ಬರಿಸುತ್ತವೆ, ಪ್ರೇಕ್ಷಕರು ಗೊಣಗುತ್ತಾರೆ, ಆಪರೇಟರು ಅದನ್ನು ಐದಕ್ಕೋ ನಾಲ್ಕೂವರೆಗೋ ಇಳಿಸಿ, ಚಿತ್ರ ಶುರುವಾದರೂ ಹಾಗೆಯೇ ಬಿಡುತ್ತಾರೆ. ಟಾಕೀಸಿನವರು ಹೇಗೂ ಇಳಿಸುತ್ತಾರೆಂದು ಮಿಕ್ಸ್ ಮಾಡುವವರು ಮೊದಲೇ ಏರಿಸಿ ಕಳಿಸುತ್ತಾರೆ. ಅದಕ್ಕೆ ಇವರು ಇನ್ನಷ್ಟು ಇಳಿಸುತ್ತಾರೆ. ಅತ್ತೆ ಸೊಸೆ ಜಗಳದ ಹಾಗೆ ಇದಕ್ಕೆ ಮೊದಲು ಕೊನೆಯಿಲ್ಲ. ಏಟು ಬೀಳುವುದು ಪಿಸುಮಾತಿಗೆ. ಮಾತು ಬರುವುದು ಪರದೆಯ ಹಿಂದಿನ ನಡುವಿನ ಸ್ಪೀಕರಿನಿಂದ. ಇಬ್ಬರೇ ಕೂತು ಮಾತಾಡುವ ಸದ್ದಿಲ್ಲದ ದೃಶ್ಯದಲ್ಲೂ ಮಾತು ಕೇಳದಿದ್ದರೆ ಆ ಸ್ಪೀಕರನ್ನೋ ವಾಲ್ಯೂಮನ್ನೋ ಅನುಮಾನಿಸಬೇಕು. ಅಂಥ ದೃಶ್ಯದಲ್ಲಿ ಸ್ಪಷ್ಟವಾಗಿ ಕೇಳಿ, ಹೀರೋ ಬಿಲ್ಡಪ್ಪಿನಲ್ಲಿ ಮಾತ್ರ ಡೈಲಾಗು ಮುಳುಗಿದರೆ ಸಂಗೀತ ನಿರ್ದೇಶಕರನ್ನು ಕೇಳಬಹುದು.

ಸುಮಂತ್ ಭಟ್ ಅವರ ‘ಮಿಥ್ಯ’ (ಮಾರ್ಚ್ 2025) ಈ ದುರವಸ್ಥೆಗೆ ಸುಲಭವಾಗಿ ಬಲಿಯಾಗುವ ಜಾತಿಯ ಚಿತ್ರ. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈನಿಂದ ಉಡುಪಿ ಕಡೆಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಅವನು ಹೆಚ್ಚು ಮಾತಾಡುವುದಿಲ್ಲ, ಚಿತ್ರವೂ ಅವನ ಪರವಾಗಿ ಮಾತಾಡುವುದಿಲ್ಲ. ಮೌನವೇ ಅಲ್ಲಿ ಕಸುಬು. ಎ.ಸಿ.ಯ ಗುಂಯ್‌ಗುಡುವಿಕೆ ಮತ್ತು ಪಕ್ಕದ ಸ್ಕ್ರೀನಿನ ಫೈಟು ಗೋಡೆ ದಾಟಿ ಬರುವ ಕಡೆ ಅದನ್ನು ನೋಡಿದವರು ‘ನಿಧಾನ’ ಎಂದು ಬರೆದರೆ ಆಶ್ಚರ್ಯವಿಲ್ಲ. ನಿಧಾನವಲ್ಲ ಅದು. ಪ್ರತಿ ದೃಶ್ಯದಲ್ಲೂ ಹುಡುಗನ ಬಗ್ಗೆ ನಮಗೆ ಗೊತ್ತಿರುವುದು ಒಂದು ತೊಲ ಹೆಚ್ಚಾಗುತ್ತದೆ. ಲ್ಯಾಗ್ ಎಂದರೆ ಹೊಸದೇನೂ ತಿಳಿಯದೆ ಸಮಯ ಹೋಗುವುದು. ಐದು ನಿಮಿಷದ ಫೈಟಿನಲ್ಲೂ ಲ್ಯಾಗ್ ಇರಬಹುದು.

‘ಕಾಂತಾರ: ಚಾಪ್ಟರ್ 1’ ಬಂದದ್ದು ಶುಕ್ರವಾರವಲ್ಲ, 2025ರ ಅಕ್ಟೋಬರ್ 2ರ ಗುರುವಾರ, ವಿಜಯದಶಮಿಯ ದಿನ. ಅದರ ರಥದ ದೃಶ್ಯವನ್ನು ಕಟ್ಟಿದ ರೀತಿಯನ್ನು ಮೆಚ್ಚಲೇಬೇಕು. ರಥ ಎತ್ತ ನುಗ್ಗುತ್ತಿದೆ, ಜನ ಎಲ್ಲಿದ್ದಾರೆ, ಹೀರೋ ಎಷ್ಟು ದೂರ ಎಂಬುದು ಗೊಂದಲವಿಲ್ಲದೆ ತಿಳಿಯುವುದರಿಂದಲೇ ಎದೆ ಹೊಡೆದುಕೊಳ್ಳುತ್ತದೆ. ಅರವಿಂದ್ ಕಶ್ಯಪ್ ಕ್ಯಾಮೆರಾ ಅಲ್ಲಿ ಓಡುತ್ತದೆ, ಆದರೆ ದಿಕ್ಕು ತಪ್ಪುವುದಿಲ್ಲ. ನನ್ನ ತಕರಾರು ಎರಡು. ಒಂದು, ಗಂಭೀರ ದೃಶ್ಯಗಳ ನಡುವೆ ತೂರಿಸಿದ ಹಾಸ್ಯ. ಇನ್ನೊಂದು, ಸದ್ದು. ಕಿವಿ ಸದ್ದನ್ನು ಅಳೆಯುವುದು ಅದಕ್ಕೂ ಮುಂಚಿನ ಸದ್ದಿನ ಪಕ್ಕದಲ್ಲಿಟ್ಟು. ಎರಡೂಮುಕ್ಕಾಲು ಗಂಟೆಯ ಬಹುಭಾಗ ಗುಡುಗಿದ ಮೇಲೆ ಕ್ಲೈಮ್ಯಾಕ್ಸಿಗೆ ಏರಲು ಮೆಟ್ಟಿಲೇ ಉಳಿದಿರುವುದಿಲ್ಲ. 2022ರ ‘ಕಾಂತಾರ’ದ ಕೊನೆ ಮೈ ನಡುಗಿಸಿದ್ದಕ್ಕೆ ಅಲ್ಲಿ ಸದ್ದು ತಗ್ಗಿ ಮತ್ತೆ ಏಳುವುದೂ ಒಂದು ಕಾರಣ. ಈ ದೂರನ್ನು ಬರೆಯುವ ಮೊದಲು ಒಂದೇ ಪರದೆಯನ್ನು ನಂಬಬಾರದು, ಬೇರೆ ಬೇರೆ ಕಡೆ ಎರಡು ಸಲ ಕೇಳಿಯೇ ಬರೆಯಬೇಕು.

ನಗೆಚಿತ್ರದ ತೊಡಕು ಬೇರೆ. ಅಲ್ಲಿ ಪಕ್ಕದ ಸೀಟಿನವರೂ ಚಿತ್ರದ ಭಾಗ. ಜೆ.ಪಿ. ತುಮಿನಾಡು ನಿರ್ದೇಶಿಸಿದ ‘ಸು ಫ್ರಮ್ ಸೋ’ (ಜುಲೈ 25, 2025) ಹೌಸ್‌ಫುಲ್ ಆಟದಲ್ಲಿ ಒಂದು ಚಿತ್ರ, ಹದಿನೈದು ಜನರಿರುವ ಆಟದಲ್ಲಿ ಇನ್ನೊಂದು. ಅಶೋಕನೆಂಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬಾಕೆಯ ದೆವ್ವ ಬಂದಿದೆಯೆಂದು ಊರಿಗೆ ಊರೇ ನಂಬಿದ ಮೇಲಿನ ಗದ್ದಲ ಅದು. ನಗು ಹುಟ್ಟುವುದು ಪಂಚ್ ಡೈಲಾಗಿನಲ್ಲಲ್ಲ, ಮಾತು ಮುಗಿದ ಮೇಲೆ ಉಳಿದವರ ಮುಖದಲ್ಲಿ. ರವಿಯಣ್ಣನಾಗಿ ಶನಿಲ್ ಗೌತಮ್ ಸುಮ್ಮನೆ ನಿಂತರೂ ಸಾಕು. ತುಂಬಿದ ಆಟದಲ್ಲಿ ನಗುವಿನಡಿ ಮುಂದಿನ ಎರಡು ಮಾತು ಹೂತುಹೋಗುತ್ತವೆ, ಅವುಗಳಲ್ಲಿ ಒಂದು ಕತೆಗೆ ಬೇಕಾದದ್ದಾಗಿರುತ್ತದೆ. ಖಾಲಿ ಆಟದಲ್ಲಿ ಎಲ್ಲ ಕೇಳುತ್ತದೆ, ನಗು ಮಾತ್ರ ಅರ್ಧ. ಸೆಕೆಂಡ್ ಹಾಫಿನಲ್ಲಿ ಚಿತ್ರ ನಗುವಿನಿಂದ ಒಬ್ಬ ಹೆಂಗಸಿನ ಸಂಕಟಕ್ಕೆ ತಿರುಗುವ ಜಾಗ ತುಸು ಅವಸರದ್ದು ಎನಿಸಿದ್ದು ಖಾಲಿ ಆಟದಲ್ಲೇ. ತುಂಬಿದ ಆಟದಲ್ಲಿ ಜನರ ಉತ್ಸಾಹ ಆ ಹೊಲಿಗೆಯನ್ನು ಮುಚ್ಚಿಬಿಡುತ್ತದೆ. ತಿರುವಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬಾರದು. ಇಂಟರ್ವಲ್ ಆಚೆಗಿನ ಕತೆ ವಿಮರ್ಶೆಯೊಳಗೆ ಬರಕೂಡದು, ಓಟಿಟಿಗೆ ಬಂದ ಮೇಲೂ.

ಕತ್ತಲಲ್ಲಿ ಟಿಪ್ಪಣಿ ಬರೆಯಲು ಅಂಗೈಯಷ್ಟು ಪುಸ್ತಕ, ಪೆನ್ಸಿಲು. ಮೊಬೈಲ್ ಬೆಳಕು ಹಿಂದಿನ ಸಾಲಿನವರಿಗೆ ಹಿಂಸೆ, ನಮ್ಮ ಕಣ್ಣಿಗೂ ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ಬೇಕು. ಒಂದು ದೃಶ್ಯಕ್ಕೆ ಒಂದೇ ಸಾಲು, ಎಡಗೈ ಹೆಬ್ಬೆರಳು ಸಾಲಿನ ತುದಿಯಲ್ಲಿಟ್ಟುಕೊಂಡರೆ ಅಕ್ಷರದ ಮೇಲೆ ಅಕ್ಷರ ಬೀಳುವುದಿಲ್ಲ. ಬರೆಯಬೇಕಾದದ್ದು ಅಭಿಪ್ರಾಯವಲ್ಲ, ಕಂಡದ್ದು. ‘ಚೆನ್ನಾಗಿದೆ’ ಎಂದು ಬರೆದುಕೊಂಡರೆ ಸಂಜೆಗೆ ಏನು ಚೆನ್ನಾಗಿತ್ತೆಂದು ನೆನಪಿರುವುದಿಲ್ಲ. ‘ಅಜ್ಜಿ, ತಟ್ಟೆ, ಮಾತಿಲ್ಲ, 41ನೇ ನಿಮಿಷ’ ಎಂದಿದ್ದರೆ ದೃಶ್ಯ ವಾಪಸು ಬರುತ್ತದೆ.

ಟಿಕೆಟ್ಟಿನ ದರವೂ ಬರಹದಲ್ಲಿ ನುಸುಳುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ನಾಲ್ಕು ಜನರ ಮನೆಯೊಂದು ಎರಡು ಸಾವಿರ ಕೊಟ್ಟು ಬಂದಾಗ ‘ಒಮ್ಮೆ ನೋಡಬಹುದು’ ಎಂಬ ಮಾತಿಗೆ ಏನು ಬೆಲೆ? ಆ ಸಾಲನ್ನೂ ‘ಕಣ್ಣಿಗೆ ಹಬ್ಬ’, ‘ತಾಂತ್ರಿಕವಾಗಿ ಶ್ರೀಮಂತ’ ಎಂಬುವನ್ನೂ ನಾನು ಹೊಡೆದುಹಾಕುತ್ತೇನೆ. ಮೂರು ಸ್ಟಾರು ಕೂಡ ಅದೇ ಜಾತಿ, ನಿರ್ಮಾಪಕರೂ ಸಿಟ್ಟಾಗಬಾರದು, ಓದುಗರೂ ಬೈಯಬಾರದು ಎಂದಾಗ ಕೊಡುವಂಥದ್ದು.

ಶುಕ್ರವಾರ ಸಂಜೆಗೆ ಆರುನೂರು ಪದ. ಕತೆಗೆ ಎಂಬತ್ತು ಸಾಕು. ಉಳಿದದ್ದರಲ್ಲಿ ಒಂದೇ ಒಂದು ದೃಶ್ಯವನ್ನು ಬಿಡಿಸಿ ಅದು ಯಾಕೆ ಕೆಲಸ ಮಾಡಿತು, ಯಾಕೆ ಮಾಡಲಿಲ್ಲ ಎಂದು ತೋರಿಸಿದರೆ ಇಡೀ ಚಿತ್ರದ ಬಗ್ಗೆ ಹೇಳಿದಂತೆಯೇ. ಅನುಮಾನವಿರುವ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ‘ಟಾ?’ ಎಂದು ಗುರುತು, ಟಾಕೀಸಿನ ತಪ್ಪಿರಬಹುದೇ ಎಂಬ ಪ್ರಶ್ನೆ. ಆ ಗುರುತಿರುವ ಸಾಲು ಅಂದು ಅಚ್ಚಿಗೆ ಹೋಗುವುದಿಲ್ಲ. ಭಾನುವಾರ ಬೇರೆ ಪರದೆಯಲ್ಲಿ ನೋಡುವಷ್ಟರಲ್ಲಿ ದೊಡ್ಡ ಚಿತ್ರವಾದರೆ ಆಟಗಳು ಹೆಚ್ಚಿರುತ್ತವೆ. ಸಣ್ಣದಾದರೆ ರಾತ್ರಿ ಹತ್ತರ ಒಂದು ಆಟ ಉಳಿದಿರುತ್ತದೆ, ಅದನ್ನೂ ಸೋಮವಾರ ತೆಗೆಯುತ್ತಾರೆ.