ಎಲ್ಲಿ ಇಳಿಸುತ್ತೀಯ?

16 ಮಾರ್ಚ್ 2025, ಭಾನುವಾರ
ಬೆಂಗಳೂರು

ಬೆಳಿಗ್ಗೆ ಅಕ್ಕನ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜಕ್ಕೂರು ಕೆರೆಗೆ ಹೋಗಿದ್ದೆ. ಹತ್ತಿರದಲ್ಲೇ ಸರ್ಕಾರಿ ವಿಮಾನ ತರಬೇತಿ ಶಾಲೆಯ ಏರೋಡ್ರೋಮ್ ಇದೆ, ಪುಟ್ಟ ವಿಮಾನವೊಂದಾದರೂ ಕಂಡೀತೆಂಬ ಆಸೆ ನನ್ನದು. ಅವಳು ಹದ್ದುಗಳನ್ನೇ ನೋಡುತ್ತಿದ್ದಳು. ಹತ್ತು ಗಂಟೆಗೇ ನೆಲ ಕಾದಿತ್ತು. ಎರಡು ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಚುಕ್ಕೆಗಳಾದವು. “ಮೇಲೇಳುವ ಬಿಸಿಗಾಳಿ ಸಿಕ್ಕಿತು ಅವಕ್ಕೆ” ಎಂದಳು.

ಓದಲೆಂದು ಜರ್ಮನಿಗೆ ಹೋದವಳು ಅಲ್ಲಿನ ಕ್ಲಬ್ಬೊಂದರಲ್ಲಿ ಮೋಟಾರ್ ಗ್ಲೈಡರ್, ಅಂದರೆ ಎಂಜಿನ್ ಆರಿಸಿಯೂ ಗಾಳಿಯಲ್ಲಿ ತೇಲಬಲ್ಲ ಪುಟ್ಟ ವಿಮಾನ, ಹಾರಿಸಲು ಕಲಿತಿದ್ದಾಳೆ. (ಅಕ್ಕನಿಗೆ ಗೊತ್ತಾದದ್ದು ಕಲಿತು ಮುಗಿಸಿದ ಮೇಲೆ.) ಷೈಬೆ ಫಾಲ್ಕೆ ಎಂಬುದು ಅದರ ಹೆಸರು, 1960ರ ದಶಕದ ವಿನ್ಯಾಸ. ಹದಿನೈದು ಮೀಟರ್ ರೆಕ್ಕೆ, ಅಕ್ಕಪಕ್ಕ ಎರಡು ಸೀಟು, ಫೋಕ್ಸ್‌ವಾಗನ್ ಕಾರಿನ ಎಂಜಿನ್ನಿನಿಂದ ರೂಪಿಸಿದ ಮೋಟಾರು. ಹೊಟ್ಟೆಯಡಿ ಒಂದೇ ದೊಡ್ಡ ಚಕ್ರ. ವಾಲಿ ಬೀಳದಿರಲಿ ಎಂದು ಮಕ್ಕಳ ಸೈಕಲ್ಲಿಗೆ ಇರುವಂಥ ಪುಟಾಣಿ ಚಕ್ರಗಳು ರೆಕ್ಕೆಗಳಡಿಯಲ್ಲಿ. ಫೋಟೊ ನೋಡಿ ನಕ್ಕುಬಿಟ್ಟೆ.

ಎಂಜಿನ್ ಇಲ್ಲದ ಬರಿಯ ಗ್ಲೈಡರನ್ನು ನೆಲದ ಮೇಲಿನ ವಿಂಚ್ (ಹಗ್ಗ ಸುತ್ತುವ ಯಂತ್ರ) ಎಳೆಯಬೇಕು, ಇಲ್ಲವೇ ಇನ್ನೊಂದು ವಿಮಾನ ಹಗ್ಗ ಕಟ್ಟಿ ಒಯ್ಯಬೇಕು. ಬಿಸಿಗಾಳಿ ಸಿಗದಿದ್ದರೆ ಕೆಲವೇ ನಿಮಿಷಗಳಲ್ಲಿ ಕೆಳಗೆ. ಮತ್ತೆ ತಳ್ಳಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲಬೇಕು. ಮೋಟಾರ್ ಗ್ಲೈಡರಿಗೆ ಯಾರ ಹಂಗೂ ಇಲ್ಲ. ಇಳಿದ ಓಟದಲ್ಲೇ ಮತ್ತೆ ಏರಬಹುದು, ಹಾಗಾಗಿ ಕಲಿಯುವವರಿಗೆ ಒಂದು ಗಂಟೆಯಲ್ಲೇ ಹಲವು ಸಲ ಇಳಿಸುವ ಅಭ್ಯಾಸ.

“ಮೇಲೆ ಹೋಗಿ ಎಂಜಿನ್ ಆರಿಸಿದರೆ ಪ್ರೊಪೆಲ್ಲರ್ ಗಾಜಿನ ಮುಂದೆ ಕೆಟ್ಟ ಗಡಿಯಾರದ ಮುಳ್ಳಿನಂತೆ ನಿಂತುಬಿಡುತ್ತದೆ, ಮಾವ. ಮೊದಲ ದಿನ ಅಂಗೈ ಬೆವತುಹೋಗಿತ್ತು. ಪಕ್ಕದಲ್ಲಿದ್ದ ಗುರುಗಳು ಕೇಳಿದ್ದು ಒಂದೇ, ಈಗ ಎಲ್ಲಿ ಇಳಿಸುತ್ತೀಯ ಅಂತ.” ಎಂಜಿನ್ ಮತ್ತೆ ಹತ್ತುತ್ತದೆ ಎಂದು ನಂಬಿ ಕೂರುವಂತಿಲ್ಲವಂತೆ. ಇಳಿಯಲು ಒಂದು ಹೊಲ ಸದಾ ಕಣ್ಣಳತೆಯಲ್ಲಿರಬೇಕು. ಎತ್ತರ ಹೆಚ್ಚಾಯಿತೆನಿಸಿದರೆ ನೀಲಿ ಹಿಡಿ ಎಳೆಯುವುದು. ರೆಕ್ಕೆಯ ಮೇಲೆ ಏರ್‌ಬ್ರೇಕ್ ಎದ್ದು ನಿಂತು ವಿಮಾನ ಬೇಗ ಇಳಿಯುತ್ತದೆ.

ನನಗೆ ಲೆಕ್ಕದ ಚಪಲ. ಗಾಳಿಯಿಲ್ಲದ ದಿನ, ಜಕ್ಕೂರಿನ ಮೇಲೆ ಒಂದು ಕಿಲೋಮೀಟರ್ ಎತ್ತರದಲ್ಲಿ ಎಂಜಿನ್ ನಿಂತರೆ? ಸೆಸ್ನಾ 172ರಂಥ ಸಾಮಾನ್ಯ ಪುಟ್ಟ ವಿಮಾನ ಹೆಚ್ಚೆಂದರೆ ಮಲ್ಲೇಶ್ವರ ಮುಟ್ಟೀತು. ಫಾಲ್ಕೆ ಇನ್ನೂ ದೂರದ ಬನಶಂಕರಿಯನ್ನೂ ದಾಟುತ್ತದೆ. “ದಾಟಿ ಇಳಿಯುವುದೆಲ್ಲಿ? ನಿಮ್ಮ ಊರಿನಲ್ಲಿ ಹೊಲ ಎಲ್ಲಿ ಉಳಿದಿದೆ?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ವಾಪಸು ಬರುವಾಗ ಹೆಬ್ಬಾಳದ ಸಿಗ್ನಲ್ಲಿನಲ್ಲಿ ಪೆಟ್ರೋಲ್ ಉಳಿಸಲು ಸ್ಕೂಟರ್ ಆರಿಸಿದೆ. ಹಸಿರು ದೀಪ ಬಂತು, ಸ್ಕೂಟರ್ ಮಾತ್ರ ಹತ್ತಲೊಲ್ಲದು. ಹಿಂದಿನಿಂದ ಹಾರ್ನುಗಳ ಮಳೆ.

“ಎಲ್ಲಿ ಇಳಿಸುತ್ತೀರಿ, ಮಾವ?”

ಇಬ್ಬರೂ ಇಳಿದು ತಳ್ಳಿದೆವು.